ಹೊಳೆ ಬಿಟ್ಟು ಹೋದ ಹಡಗು

ಒಂದಾನೊಂದು ಕಾಲದಲ್ಲಿ, ಅಂದ್ರೆ ಕಡಲು ಮನುಷ್ಯರ ಮಾತು ಕೇಳ್ತಿದ್ದ ಕಾಲ ಅಲ್ಲ, ಅದು ಯಾವತ್ತೂ ಕೇಳಿದ್ದಿಲ್ಲ, ಮನುಷ್ಯರೇ ಕಡಲಿನ ಮಾತು ಸ್ವಲ್ಪ ಕೇಳ್ತಿದ್ದ ಕಾಲದಲ್ಲಿ, ಕೆಳಕೋಡಿ ಅಂತ ಒಂದು ಊರು ಇತ್ತಂತೆ. ಊರಿನ ಪಕ್ಕದಲ್ಲೇ ಹೊಳೆ ಹರಿದು ಹೋಗಿ ಕಡಲು ಸೇರ್ತಿತ್ತಂತೆ. ಹೊಳೆ ಕಡಲು ಸೇರೋ ಬಾಯಿಗೆ ಅಳಿವೆ ಅಂತಾರೆ. ನೆನಪಿಟ್ಟುಕೋ ಕೂಸೇ, ಈ ಕತೆಯಲ್ಲಿ ತಪ್ಪು ಅಂತ ಇದ್ರೆ ಅದು ಅಳಿವೇದು. ಹೂಂ ಅಂತಿರು. ಹೂಂ ನಿಂತ್ರೆ ನಾನೂ ನಿಲ್ಲಿಸ್ತೀನಿ.

ಆ ಊರಲ್ಲಿ ಕುಪ್ಪಯ್ಯಾಚಾರಿ ಅಂತ ಹಡಗು ಕಟ್ಟೋ ಆಚಾರಿ ಇದ್ನಂತೆ. ಅವನು ಕಟ್ಟಿದ ಹಡಗು ಒಂದೂ ಮುಳುಗಿಲ್ಲ ಅಂತ ಜನ ಹೊಗಳ್ತಿದ್ರಂತೆ. ಇನ್ನೂ ಮುಳುಗಿಲ್ಲ ಅನ್ನಿ ಅಂತ ಅವನು ತಿದ್ದುತಿದ್ನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡವನು ಶಂಭು, ಎತ್ತಿನಂಥ ಮೈ. ಎರಡನೆಯವನು ವಾಮನ, ಮೈ ಅಷ್ಟಕ್ಕಷ್ಟೆ, ನಾಲಿಗೆ ಮಾತ್ರ ಕಡಲಿನಷ್ಟು. ಮೂರನೆಯವನು ಪದ್ದು. ಪದ್ದುಗೆ ಏನಿತ್ತು ಅಂದ್ರೆ ಒಳ್ಳೇ ಗಂಟಲು ಇತ್ತು, ಅದನ್ನ ಬಿಟ್ಟು ಹೇಳಿಕೊಳ್ಳೋಂಥದ್ದು ಏನಿಲ್ಲ. ಮೂವರಿಗೂ ಮದುವೆ ಆಗಿತ್ತು. ಪದ್ದು ಹೆಂಡತಿ ತುಂಗಿ, ಘಟ್ಟದ ಮೇಲಿನ ಹುಡುಗಿ. ಮದುವೆಯಾಗಿ ಬರೋ ತನಕ ಕಡಲನ್ನ ನೋಡಿರಲಿಲ್ಲವಂತೆ. ಬಂದ ಮಾರನೇ ದಿನ ದಂಡೆ ಮೇಲೆ ಅರ್ಧ ಕಟ್ಟಿ ನಿಲ್ಲಿಸಿದ್ದ ಹಡಗು ನೋಡಿ, ಅತ್ತೆ, ಈ ಮನೆಗೆ ಬಾಗಿಲು ಎಲ್ಲಿಟ್ಟಿದ್ದಾರೆ ಅಂತ ಕೇಳಿದಳಂತೆ. ಅತ್ತೆ ಅದನ್ನ ಇಡೀ ಕೇರಿಗೆ ಹೇಳಿ ನಕ್ಕಳಂತೆ. ಅವತ್ತಿನಿಂದ ತುಂಗಿ ಬಾಯಿ ತೆಗೆದ್ರೆ ಸಾಕು, ಘಟ್ಟದ ಮೇಲಿನವಳು ಬಾಗಿಲು ಹುಡುಕ್ತಿದ್ದಾಳೆ ಅನ್ನೋರಂತೆ.

ಆ ಹಡಗು ಕಟ್ಟಿಸ್ತಿದ್ದೋಳು ಆ ಸೀಮೆಯ ರಾಣಿ. ಮೆಣಸು ಸಾಗಿಸೋಕೆ ಅವಳಿಗೆ ದೊಡ್ಡ ಹಡಗು ಬೇಕಿತ್ತು. ಐವತ್ತು ಮೊಳ ಉದ್ದ, ಹೊಟ್ಟೆ ಒಳಗೆ ನಾಲ್ಕು ಕಣಜ ನಿಲ್ಲಿಸಬಹುದು, ಅಷ್ಟು ದೊಡ್ಡದು. ಕುಪ್ಪಯ್ಯಾಚಾರಿ ಅಳಿವೆ ಪಕ್ಕದ ಮರಳ ದಂಡೇಲಿ ಅಡಿಮರ ಇಟ್ಟು, ಪಕ್ಕೆ ಕಟ್ಟಿ, ಹಲಗೆ ಜೋಡಿಸಿ, ಸಂದಿಗೆಲ್ಲ ಹತ್ತಿ ತುರುಕಿ ರಾಳ ಬಳಿದು, ಬೇಸಿಗೆ ಮುಗಿಯೋದ್ರೊಳಗೆ ಹಡಗು ಮುಗಿಸಿದ್ನಂತೆ. ಮಳೆಗಾಲದಲ್ಲಿ ಹೊಳೆ ತುಂಬಿ ದಂಡೆ ತನಕ ಬರುತ್ತೆ, ನೂಲ ಹುಣ್ಣಿಮೆ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು, ಭರತದ ನೀರು ಏರಿದಾಗ ಹಡಗನ್ನ ಹತ್ತು ಮಾರು ತಳ್ಳಿದ್ರೆ ಆಯ್ತು. ಅವನ ಅಪ್ಪ ಮಾಡಿದ್ದೂ ಹಾಗೇ, ಅಜ್ಜ ಮಾಡಿದ್ದೂ ಹಾಗೇ.

ಆಚಾರಿ ಕೇರಿಗೆ ಒಂದು ಕಟ್ಟಳೆ ಇತ್ತು. ಅಡಿಮರ ಇಟ್ಟ ಮೇಲೆ ಬರೋ ಮೊದಲ ನೂಲ ಹುಣ್ಣಿಮೆ ಒಳಗೆ ಹಡಗು ನೀರು ಮುಟ್ಟಬೇಕು. ಮುಟ್ಟದೆ ಇದ್ರೆ ಅದನ್ನ ಒಡೆದು ಸೌದೆ ಮಾಡಬೇಕು. ಕಟ್ಟಿದವನು ಮರ ಕೆತ್ತೋ ಬಾಚಿ ಕೆಳಗಿಡಬೇಕು, ಅವನೂ ಅವನ ಮಕ್ಕಳೂ ಆಮೇಲೆ ಹಡಗಿನ ಮರಕ್ಕೆ ಕೈ ಹಚ್ಚೋ ಹಾಗಿಲ್ಲ. ನೀರು ಬೇಡ ಅಂದ ಹಡಗಿಗೆ ಜನರನ್ನ ಹತ್ತಿಸಬಾರದು ಅಂತ ಹಿರಿಯರು ಮಾಡಿದ್ದು. ಒಳ್ಳೇ ಕಟ್ಟಳೆನೇ. ಕಟ್ಟಳೆ ಮಾಡಿದವರು ಅಳಿವೇನ ಕೇಳಿರಲಿಲ್ಲ, ಅಷ್ಟೆ.

ಆಮೇಲೆ ಮಳೆ ಹಿಡೀತು. ಏಳು ದಿನ ಬಿಡದೆ ಹೊಡೀತು. ಎಂಟನೇ ದಿನ ಬೆಳಿಗ್ಗೆ ಜನ ಎದ್ದು ನೋಡಿದ್ರೆ, ಹೊಳೆ ಮರಳದಿಬ್ಬ ಒಡಕೊಂಡು ಬಡಗಲಾಗಿ ಅರ್ಧ ಹರದಾರಿ ದೂರದಲ್ಲಿ ಕಡಲಿಗೆ ಬಿದ್ದಿತ್ತಂತೆ. ಹಳೇ ಅಳಿವೆ ಇದ್ದ ಕಡೆ ಕಡಲು ಮರಳು ತಂದು ಸುರಿದು ಗುಡ್ಡೆ ಹಾಕಿತ್ತಂತೆ. ಹಡಗು ಮಾತ್ರ ಎಲ್ಲಿತ್ತೋ ಅಲ್ಲೇ. ಸುತ್ತ ಹನಿ ನೀರಿಲ್ಲ, ಏಡಿಗಳು ಅದರ ನೆರಳಲ್ಲಿ ಓಡಾಡ್ತಿದ್ದುವಂತೆ.

ಊರವರು ಏನು ಮಾಡಿದ್ರು ಗೊತ್ತಾ? ಕಾದ್ರು. ಹೊಳೆ ಅಂದ್ರೆ ಮುನಿಸಿಕೊಂಡು ತವರಿಗೆ ಹೋದ ಹೆಂಗಸಿದ್ದ ಹಾಗೆ, ನಾಲ್ಕು ದಿನ ಬಿಟ್ಟು ತಾನಾಗೇ ಬರ್ತಾಳೆ ಅಂದ್ರಂತೆ. ಹೂವು ಬಿಟ್ರು, ಹಾಲು ಹೊಯ್ದ್ರು, ಸೀರೆ ಕಣ ಇಟ್ಟು ಉಡಿ ತುಂಬಿದ್ರು. ಹೀಗೇ ಒಂದು ತಿಂಗಳು ಹೋಯ್ತು. ತುಂಗಿ ಒಂದಿನ, ಮಾವ, ನಮ್ಮ ಕಡೆ ಹೋದ ಹೊಳೆ ಮತ್ತೆ ಬಂದಿದ್ದು ಯಾರೂ ನೋಡಿಲ್ಲ ಅಂದಳಂತೆ. ನಿಮ್ಮ ಕಡೆ ಹೊಳೆ ಕೆಳಗೆ ಬೀಳೋದು ಬಿಟ್ಟು ಬೇರೇನು ಕಲಿತಿದೆ, ಸುಮ್ಮನೆ ಒಳಗೆ ನಡಿ ಅಂದಳಂತೆ ಅತ್ತೆ.

ಆಮೇಲೆ ರಾಣಿಯ ಪಾರುಪತ್ಯಗಾರ ಬಂದನಂತೆ. ಓಲೆಗರಿ ಛತ್ರಿ ಹಿಡಿಸಿಕೊಂಡು ಹಡಗಿನ ಸುತ್ತ ಮೂರು ಸುತ್ತು ಬಂದು, ಆಚಾರಿ, ಹಡಗು ಚೆನ್ನಾಗಿದೆ, ಹೊಳೆ ಎಲ್ಲಿಟ್ಟಿದ್ದೀಯ ಅಂತ ಕೇಳಿದನಂತೆ. ಕುಪ್ಪಯ್ಯಾಚಾರಿ ಬಡಗಲ ಕಡೆ ಕೈ ತೋರಿಸಿದ. ನೂಲ ಹುಣ್ಣಿಮೆಗೆ ಇನ್ನು ಹನ್ನೆರಡು ದಿನ, ಅವತ್ತು ಹೊಸ ಅಳಿವೆ ಹತ್ರ ಕೊಡಲಿಯವರನ್ನ ಕರಕೊಂಡು ಕೂತಿರ್ತೀನಿ, ಹಡಗು ಅಲ್ಲಿಗೆ ಬಂದ್ರೆ ಸರಿ, ಬರದಿದ್ರೆ ನಾವೇ ಇಲ್ಲಿಗೆ ಬರ್ತೀವಿ ಅಂದು ಪಾರುಪತ್ಯಗಾರ ಹೊರಟು ಹೋದನಂತೆ.

ಕುಪ್ಪಯ್ಯಾಚಾರಿ ಹಡಗಿನ ಬುಡದಲ್ಲಿ ಕೂತ. ಆಮೇಲೆ ಎದ್ದು, ಹೊಳೆ ಬರಲ್ಲ, ನಾವೇ ಹೋಗೋಣ ಅಂದನಂತೆ.

ಹೋಗೋ ದಾರೀಲಿ ಮೂರು ಅಡ್ಡಿ. ಮೊದಲು ಮರಳು, ಆಮೇಲೆ ಗದ್ದೆ, ಅದಾದ ಮೇಲೆ ಮುರಕಲ್ಲಿನ ದಿಣ್ಣೆ. ದಿಣ್ಣೆ ದಾಟಿದ್ರೆ ಹೊಸ ಅಳಿವೆ. ಅಪ್ಪ ಮೂರನ್ನೂ ಮೂವರು ಮಕ್ಕಳಿಗೆ ಹಂಚಿದನಂತೆ.

ಮರಳು ಶಂಭೂದು. ಶಂಭು ತೆಂಗಿನ ಮರ ಕಡಿಸಿ, ಉರುಳೆ ಮಾಡಿ, ಹಡಗಿನ ಅಡಿಗೆ ಕೊಟ್ಟು, ಆಚಾರಿ ಕೇರಿಯ ಐವತ್ತು ಜನರನ್ನ ಹಗ್ಗಕ್ಕೆ ಹಚ್ಚಿ ಎಳೆಸಿದ. ಉರುಳೆ ಉರುಳಲಿಲ್ಲ, ಮರಳೊಳಗೆ ಇಳೀತು. ಎಳೆದಷ್ಟೂ ಇಳೀತು. ಒಂದು ದಿನ ಪೂರ್ತಿ ಎಳೆದು ಸಂಜೆ ನೋಡಿದ್ರೆ ಹಡಗು ಮುಂದೆ ಹೋಗಿರಲಿಲ್ಲ, ಎರಡು ಗೇಣು ಕೆಳಗೆ ಹೋಗಿತ್ತಂತೆ. ಇನ್ನು ಎರಡು ದಿನ ಹೀಗೇ ಎಳೆದ್ರೆ ಪಾತಾಳ ಮುಟ್ಟುತ್ತೆ, ಅಲ್ಲೂ ನೀರಿದೆಯಂತೆ ಅಂತ ವಾಮನ ಅಂದಾಗ ಶಂಭು ಅವನನ್ನ ಅಟ್ಟಿಸಿಕೊಂಡು ಹೋದನಂತೆ.

ಶಂಭು ಮನೆಗೆ ಬಂದವನು ಸಿಟ್ಟಲ್ಲಿ ಬಾಗಿಲು ದೂಡಿದ. ಎತ್ತಿನಂಥ ಮೈ ಅಲ್ವಾ, ಬಾಗಿಲು ಕೀಲು ಕಿತ್ತು ಅಂಗಳಕ್ಕೆ ಬಿತ್ತು. ಅಂಗಳ ಅಂದ್ರೆ ಮರಳೇ. ಅವನು ಅದರ ಮೇಲೆ ನಿಂತು ನೋಡಿದ. ಇಳೀಲಿಲ್ಲ. ಕುಣಿದು ನೋಡಿದ. ಆಗಲೂ ಇಳೀಲಿಲ್ಲ. ಮಾರನೇ ದಿನ ಬೆಳಿಗ್ಗೆ ಕೆಳಕೋಡೀಲಿ ಒಂದು ಮನೆಗೂ ಬಾಗಿಲು ಇರಲಿಲ್ಲವಂತೆ. ಎಲ್ಲಾ ಬಾಗಿಲೂ ಮರಳ ಮೇಲೆ ಸಾಲಾಗಿ ಮಲಗಿದ್ದುವಂತೆ, ಅವುಗಳ ಮೇಲೆ ಉರುಳೆ, ಉರುಳೆ ಮೇಲೆ ಹಡಗು. ಹಡಗು ಮುಂದೆ ಹೋದ ಹಾಗೆ ಹಿಂದಿನ ಬಾಗಿಲು ಎತ್ತಿ ಮುಂದೆ ತಂದು ಹಾಕೋದು. ಇನ್ನೂ ನಾಲ್ಕು ದಿನ ಹಿಡೀತು. ಆ ನಾಲ್ಕು ದಿನ ಊರಿನ ನಾಯಿಗಳೆಲ್ಲ ಮೀನುಸಾರು ಉಂಡುವಂತೆ. ಕಳ್ಳತನ ಆಯ್ತಾ ಅಂತೀಯ? ಇಲ್ಲ. ಕಳ್ಳನ ಮನೆಗೂ ಬಾಗಿಲು ಇರಲಿಲ್ಲವಲ್ಲ, ಅವನು ತನ್ನ ಮನೆ ಕಾಯಬೇಕಿತ್ತು.

ಐದು ದಿನ ಹೋಯ್ತು, ಏಳು ಉಳೀತು. ಹೂಂ ಅನ್ನು.

ಆಮೇಲೆ ಗದ್ದೆ. ಗದ್ದೆ ವಾಮನನ ಪಾಲಿಗೆ ಬಂದಿತ್ತು. ಗದ್ದೆ ದೂಮಯ್ಯ ಹೆಗ್ಡೇರದ್ದು. ನೇಜಿ, ಅಂದ್ರೆ ಭತ್ತದ ಸಸಿ, ನೆಟ್ಟು ಎಂಟು ದಿನ ಆಗಿತ್ತು, ಇನ್ನೂ ತಲೆ ಎತ್ತಿರಲಿಲ್ಲ. ಹೆಗ್ಡೇರು ಅಡಿಕೆ ಹಾಳೆ ಟೋಪಿ ಹಾಕ್ಕೊಂಡು ಅಂಚಿನ ಮೇಲೆ ಕಂಬದ ಹಾಗೆ ನಿಂತಿದ್ರಂತೆ.

ಹಡಗು ಅಂದ್ರೆ ಕಡಲಲ್ಲಿ ಹೋಗೋದು, ನನ್ನ ಗದ್ದೇಲಿ ಅದಕ್ಕೇನು ಕೆಲಸ ಅಂದ್ರಂತೆ ಹೆಗ್ಡೇರು.

ಗದ್ದೇಲೂ ನೀರಿದೆಯಲ್ಲ ಹೆಗ್ಡೇರೇ ಅಂದನಂತೆ ವಾಮನ.

ಹಾಗಾದ್ರೆ ಇಲ್ಲೇ ತೇಲಿಸು ಮಾರಾಯ, ಮುಂದೆ ಯಾಕೆ ಹೋಗ್ತೀಯ?

ವಾಮನನ ನಾಲಿಗೆ ಜೀವಮಾನದಲ್ಲಿ ಮೊದಲ ಸಲ ನಿಂತಿತಂತೆ. ಹೆಗ್ಡೇರ ಮೀಸೆ ಅಡೀಲಿ ಒಂದು ಚೂರು ನಗು ಕಂಡಿತು. ಅದನ್ನೇ ಹಿಡಕೊಂಡು ವಾಮನ ಮತ್ತೆ ಶುರು ಮಾಡಿದ. ನಿಮ್ಮ ಚಿಂತೆ ನೇಜೀದು, ಹಡಗಿನದ್ದಲ್ಲ. ಹಡಗು ಹೋಗೋ ಅಷ್ಟಗಲದ ನೇಜಿ ನಾವೇ ಕೀಳ್ತೀವಿ, ಕಟ್ಟು ಕಟ್ಟಿ ತೋಡಿನ ನೀರಲ್ಲಿಡ್ತೀವಿ, ಹಡಗು ದಾಟಿದ ಹಿಂದೇನೇ ನಮ್ಮ ಕೈಯಾರೆ ಮತ್ತೆ ನೆಡ್ತೀವಿ ಅಂದ. ಆಚಾರಿ ಕೈಲಿ ನೇಜಿಯಾ ಅಂತ ಹೆಗ್ಡೇರು ಆಕಾಶ ನೋಡಿದ್ರಂತೆ. ಆಮೇಲೆ, ಕಿತ್ತಿದ್ದು ಅವತ್ತವತ್ತೇ ಹೊತ್ತು ಮುಳುಗೋದ್ರೊಳಗೆ ನೆಡಬೇಕು, ಒಂದು ಬುಡ ಬಾಡಿದ್ರೂ ಹಡಗು ಇಲ್ಲೇ ನನ್ನ ಕೊಟ್ಟಿಗೆ ಆಗುತ್ತೆ ಅಂತ ಒಪ್ಪಿದ್ರಂತೆ.

ಕೆಸರಲ್ಲಿ ಹಡಗು ಬೆಣ್ಣೆ ಮೇಲೆ ಸವಟು ಜಾರಿದ ಹಾಗೆ ಜಾರಿತಂತೆ. ಹೆಗ್ಡೇರ ಆಳುಗಳೂ ಸುಮ್ಮನೆ ನಿಂತು ನೋಡಲಾರದೆ ಬಂದು ಹಗ್ಗಕ್ಕೆ ಕೈ ಕೊಟ್ರಂತೆ. ಕಷ್ಟ ಆಗಿದ್ದು ಹಡಗಿಂದಲ್ಲ, ನೇಜಿಯಿಂದ. ಜನ್ಮದಲ್ಲಿ ನೆಡದವರು ನೆಟ್ಟು ನೆಟ್ಟು, ಸೊಂಟ ಹಿಡಕೊಂಡು, ಆಚಾರಿ ಕೇರಿ ಇಡೀ ಮುದುಕರ ಕೇರಿ ಆಯ್ತಂತೆ. ಮರದ ಮೇಲೆ ನೂಲು ಹಿಡಿದು ಕೂದಲೆಳೆ ತಪ್ಪದ ಹಾಗೆ ಗೀಟು ಹಾಕೋರು, ಕೆಸರಲ್ಲಿ ಸಾಲು ಹಾಕಿದ್ರೆ ಹಾವು ಹರಿದ ಹಾಗೆ. ಹೆಗ್ಡೇರ ಹೆಂಡತಿ ಬಂದು ನೋಡಿ, ಇದು ಗದ್ದೆಯೋ ರಂಗೋಲಿಯೋ ಅಂದಳಂತೆ. ಆದರೂ ಒಂದು ಬುಡ ಬಾಡಲಿಲ್ಲ. ಮೂರು ದಿನ ಹೋಯ್ತು, ನಾಲ್ಕು ಉಳೀತು. ಹಡಗು ದಿಣ್ಣೆ ಬುಡಕ್ಕೆ ಬಂದು ನಿಂತಾಗ ದೂಮಯ್ಯ ಹೆಗ್ಡೇರು, ಇಷ್ಟು ದೂರ ಬಂದಿದ್ದು ಇಲ್ಲಿ ನಿಂತ್ರೆ ನನ್ನ ಗದ್ದೆ ಕೆಡಿಸಿದ್ದೂ ದಂಡ ಅಂದು ಗದ್ದೆ ಕೇರಿಯ ನೂರು ಜನರನ್ನ ಕರಕೊಂಡು ತಾವೇ ಹೊರಟು ಬಂದ್ರಂತೆ.

ದಿಣ್ಣೆ ಪದ್ದೂದು. ದಿಣ್ಣೆ ಅಂದ್ರೆ ಏರು, ಕೆಂಪು ಮುರಕಲ್ಲು, ಮಳೇಲಿ ಪಾಚಿ ಹಿಡಿದಿದ್ದು. ದಿಣ್ಣೆ ಆಚೆ ಬಲೆ ಕೇರಿ, ಮೀನು ಹಿಡಿಯೋರದ್ದು. ಆ ಕೇರಿಗೆ ಹಿರಿಯನಾದ ಗುರಿಕಾರ ಕೊಗ್ಗ ಅಂತ. ಪದ್ದು ಹೋಗಿ ಕೈ ಮುಗಿದು ಕೇಳಿದಾಗ ಕೊಗ್ಗ ಗುರಿಕಾರ, ಅಲ್ಲ ಪದ್ದಣ್ಣ, ಹಡಗು ಗುಡ್ಡ ಹತ್ತೋದು ನಮ್ಮಪ್ಪನೂ ನೋಡಿಲ್ಲ, ಅದನ್ನ ನೋಡೋಕಾದ್ರೂ ಬರ್ತೀವಿ ಅಂದು ನೂರು ಜನರನ್ನ ಕರಕೊಂಡು ಬಂದನಂತೆ. ಮೂರು ಕೇರಿ, ಮೂರು ಹಗ್ಗ. ಬಲಗಡೆ ಹಗ್ಗ ಆಚಾರಿಗಳದ್ದು, ನಡುವಿನದ್ದು ಗದ್ದೆಯವರದ್ದು, ಎಡಗಡೇದು ಬಲೆಯವರದ್ದು. ಪದ್ದು ಹಡಗಿನ ಮೂತಿ ಮೇಲೆ ನಿಂತು ಗಂಟಲು ತೆರೆದು ಕೂಗಿದ. ಐಲೇಸಾ!

ಇನ್ನೂರೈವತ್ತು ಜನ ಎಳೆದ್ರು. ಹಡಗು ಅಲ್ಲಾಡಲಿಲ್ಲ.

ಮರಳಲ್ಲಿ ಐವತ್ತು ಜನಕ್ಕೆ ಹೋದ ಹಡಗು ಇಲ್ಲಿ ಇನ್ನೂರೈವತ್ತಕ್ಕೆ ಹೋಗಲಿಲ್ಲ ಅಂದ್ರೆ ಯಾಕೆ? ಏರು ಅಂತ ನೀನಂತೀಯ. ಅವರೂ ಹಾಗೇ ಅಂದುಕೊಂಡ್ರು. ಉರುಳೆಗೆ ಮೀನೆಣ್ಣೆ ಬಳಿದ್ರು, ಪಾಚಿ ಕೆರೆದ್ರು, ಮತ್ತೆ ಎಳೆದ್ರು. ಮೊದಲ ದಿನ ಹೀಗೇ ಹೋಯ್ತು. ಎರಡನೇ ದಿನ ಎಡಗಡೆ ಹಗ್ಗ ಪಟ್ಟಂತ ಹರಿದು, ಬಲೆ ಕೇರಿಯ ನೂರು ಜನ ಒಟ್ಟಿಗೆ ಅಂಗಾತ ಬಿದ್ರಂತೆ. ಗದ್ದೆಯವರು ನಕ್ರು. ನಾವು ಎಳೆದು ಹಗ್ಗ ಹರೀತು, ನಿಮ್ಮ ಹಗ್ಗಕ್ಕೆ ಏನೂ ಆಗಿಲ್ಲ, ಆಗೋದು ಹೇಗೆ, ಎಳೆದ್ರೆ ತಾನೆ ಅಂದ್ರಂತೆ ಬಲೆಯವರು. ನಾವು ಎಳೀತಿಲ್ವಾ, ಕೈ ನೋಡಿ, ತೊಗಲು ಹೋಗಿದೆ ಅಂದ್ರಂತೆ ಗದ್ದೆಯವರು. ಆಚಾರಿಗಳು ಇಬ್ಬರನ್ನೂ ಬೈದ್ರು. ಒಟ್ಟಲ್ಲಿ ಹಡಗು ನಿಂತಲ್ಲೇ ನಿಂತಿತ್ತು, ಜನ ಮಾತ್ರ ಒಬ್ಬರ ಮೇಲೊಬ್ಬರು ಹೋಗೋದ್ರಲ್ಲಿದ್ರು. ಕುಪ್ಪಯ್ಯಾಚಾರಿ ಮಧ್ಯೆ ಹೋಗಿ ಕೈ ಮುಗಿದು ಬಿಡಿಸಿ, ಹರಿದ ಹಗ್ಗಕ್ಕೆ ಗಂಟು ಹಾಕಿಸಿದನಂತೆ.

ಮೂರನೇ ದಿನ ಬೆಳಿಗ್ಗೆ ಯಾರೋ ಹೇಳಿದ್ರಂತೆ, ನಿಮ್ಮ ಕಿರೀ ಸೊಸೆ ನಿನ್ನೆ ಗಂಜಿ ತರೋವಾಗ ಹಗ್ಗ ದಾಟಿದ್ಲು, ಅದಕ್ಕೇ ಹೀಗೆ ಅಂತ. ಹಾಗಾ ಅಂದಳಂತೆ ಅತ್ತೆ. ತುಂಗೀನ ದಿಣ್ಣೆ ಬುಡದಲ್ಲಿ ಗಂಜಿ ಹಂಡೆ ಹತ್ರ ಕೂರಿಸಿ, ನೀನು ಹಗ್ಗದ ಕಡೆ ಬರಕೂಡದು ಅಂತ ಹೇಳಿ, ಇವಳು ಮತ್ತೆ ದಾಟಿಬಿಟ್ರೆ ಅಂತ ತಾನೂ ಪಕ್ಕದಲ್ಲೇ ಕೂತಳಂತೆ.

ತುಂಗಿಗೆ ಅಲ್ಲಿಂದ ಮೂರು ಹಗ್ಗವೂ ಒಟ್ಟಿಗೆ ಕಾಣ್ತಿತ್ತು. ಎಳೆಯೋರಿಗೆ ಹಾಗೆ ಕಾಣಲ್ಲ, ಎದುರಿಗಿದ್ದವನ ಬೆನ್ನು ಕಾಣುತ್ತೆ ಅಷ್ಟೆ. ಜಿನುಗು ಮಳೆ ಬರ್ತಿತ್ತು, ಹಗ್ಗಗಳು ನೆನೆದಿದ್ದುವು. ಹಗ್ಗ ಬಿಗಿದಾಗೆಲ್ಲ ಅದರಿಂದ ನೀರು ಹನಿ ಹನಿಯಾಗಿ ಚಿಮ್ಮುತ್ತಿತ್ತು. ಪದ್ದು ಕೂಗ್ತಿದ್ದ. ಐ ಅಂದಾಗ ಬಲಗಡೆ ಹಗ್ಗ ಚಿಮ್ಮಿತು. ಲೇ ಅಂದಾಗ ನಡುವಿನ ಹಗ್ಗ. ಸಾ ಅಂದಾಗ ಎಡಗಡೇದು. ಇನ್ನೊಂದು ಸಲ ಕೂಗಿದ. ಐ, ಬಲಗಡೆ. ಲೇ, ನಡು. ಸಾ, ಎಡಗಡೆ. ತುಂಗಿಗೆ ನಗು ಬಂತಂತೆ.

ಊರು ಅಳ್ತಿದೆ, ನೀನು ನಗ್ತೀಯಲ್ಲೇ ಅಂದಳಂತೆ ಅತ್ತೆ.

ಅತ್ತೆ, ನಾವು ಮೂವರು ಸೊಸೆಯರು ಒಂದೇ ಒರಳಲ್ಲಿ ಭತ್ತ ಕುಟ್ಟೋದು ಹೇಗೆ ಅಂತ ಕೇಳಿದಳಂತೆ ತುಂಗಿ.

ಹೇಗೆ ಅಂದ್ರೆ ಒಬ್ಬಳದ್ದು ಬಿದ್ದ ಮೇಲೆ ಇನ್ನೊಬ್ಬಳದ್ದು. ಒಟ್ಟಿಗೆ ಹಾಕಿದ್ರೆ ಒನಕೆಗೆ ಒನಕೆ ತಾಗಿ ಕೈ ಮುರಿಯುತ್ತೆ. ಇದೂ ಗೊತ್ತಿಲ್ವಾ?

ಗೊತ್ತು ಅತ್ತೆ. ಅದಕ್ಕೇ ಕೇಳಿದ್ದು. ಇವರು ಹಡಗು ಎಳೀತಿಲ್ಲ, ಕುಟ್ತಾ ಇದ್ದಾರೆ.

ಅತ್ತೆ ಹಗ್ಗಗಳನ್ನ ನೋಡಿದಳು. ಒಂದು ಸಲ ನೋಡಿದಳು, ಎರಡು ಸಲ ನೋಡಿದಳು. ಹೇಳೋಕೆ ಬಾಯಿ ಬೇರೆ, ನೋಡೋಕೆ ಕಣ್ಣು ಬೇರೆ ಅಲ್ವಾ, ಕಣ್ಣು ಕಂಡಿದ್ದನ್ನ ಇಲ್ಲ ಅನ್ನೋ ಹೆಂಗಸಲ್ಲ ಅವಳು. ಸೊಸೆ ರಟ್ಟೆ ಹಿಡಕೊಂಡು ದರದರ ಎಳಕೊಂಡು ದಿಣ್ಣೆ ಹತ್ತಿದಳಂತೆ. ದಾರೀಲಿ ಸಿಕ್ಕ ಎರಡು ಹಗ್ಗವನ್ನ ದಾಟಿಸಿಕೊಂಡೇ ಹೋದಳಂತೆ.

ಕುಪ್ಪಯ್ಯಾಚಾರಿ ಸೊಸೆ ಹೇಳಿದ್ದನ್ನ ಕೇಳಿ, ಹೋಗಿ ಒಂದೊಂದೇ ಹಗ್ಗದ ಮೇಲೆ ಅಂಗೈ ಇಟ್ಟು, ಪದ್ದೂಗೆ ಕೂಗು ಅಂದ. ಹೌದು. ಆಚಾರಿಗಳು ತೊಲೆ ಹೆಗಲಿಗೆ ಎತ್ತೋವಾಗ ಐ ಅಂದ ಕೂಡಲೇ ಎತ್ತಬೇಕು, ತಡ ಮಾಡಿದ್ರೆ ಪಕ್ಕದವನ ಹೆಗಲಿಗೆ ಭಾರ, ಅದಕ್ಕೇ ಅವರಿಗೆ ಐ ಅಂದ್ರೆ ಕೈ ಹೋಗುತ್ತೆ. ಗದ್ದೆಯವರು ತೆನೆ ಬಡಿಯೋವಾಗ ಐ ಅಂದು ಕಟ್ಟು ಎತ್ತಿ ಲೇ ಅಂದಾಗ ಬಡೀತಾರೆ. ಬಲೆಯವರು ತೆರೆ ಬಂದು ಬಲೆ ಎತ್ತಿಕೊಡೋ ತನಕ ಕಾಯಬೇಕು, ಅವರದ್ದು ಸಾ. ಮಾತು ಒಂದೇ, ಮೂರು ಕೇರಿ ಅದರೊಳಗೆ ಮೂರು ಕಡೆ ನಿಂತಿದ್ರು. ಹುಟ್ಟಿದಾಗಿಂದ ಕೂಗಿದ ಮಾತು ನೋಡು, ಪಕ್ಕದವನು ಅದನ್ನ ಬೇರೆ ಥರ ಕೇಳ್ತಾನೆ ಅಂತ ಯಾರಿಗೆ ಹೊಳೀಬೇಕು? ಕೆಸರಲ್ಲಿ ಜಾರಿತ್ತು, ಯಾರು ಯಾವಾಗ ಎಳೆದ್ರೂ ನಡೀತಿತ್ತು. ಏರಲ್ಲಿ ನಡೀಲಿಲ್ಲ.

ಗೊತ್ತಾದ ಮೇಲೆ ಸುಲಭ ಅಲ್ವಾ ಅಂತೀಯ. ಗೊತ್ತಾದ ಮೇಲೇ ಕಷ್ಟ ಆಗಿದ್ದು.

ಹಾಗಾದ್ರೆ ಎಲ್ಲರೂ ಐ ಅಂದಾಗ ಎಳೀರಿ ಅಂದ ಶಂಭು. ನಾವ್ಯಾಕೆ ಆಚಾರಿಗಳ ಮಾತಿಗೆ ಎಳೀಬೇಕು, ಕಡಲಿಗೆ ಹೋಗೋ ಹಡಗು, ಕಡಲಿನವರ ಹಾಗೆ ಸಾ ಅಂದಾಗ ಎಳೀಬೇಕು ಅಂದ ಕೊಗ್ಗ ಗುರಿಕಾರ. ಗದ್ದೆ ದಾಟಿಸಿಕೊಟ್ಟವರು ನಾವು, ಲೇ ಬಿಟ್ಟು ನನ್ನ ಆಳುಗಳ ಕೈ ಹೋಗಲ್ಲ ಅಂದ್ರು ಹೆಗ್ಡೇರು. ವಾಮನ ಮೂರು ಕಡೆಗೂ ಓಡಾಡಿ ಮಾತಾಡಿದ. ಆದರೆ ನಿಜ ಹೇಳಬೇಕಂದ್ರೆ ಅವನಿಗೂ ಒಳಗೊಳಗೆ ಐ ಅನ್ನೋದೇ ಸರಿ ಅಂತಿತ್ತು, ಅದು ಮಾತಲ್ಲಿ ಗೊತ್ತಾಗ್ತಿತ್ತು. ಅಪ್ಪನ ಕಾಲ, ಅಜ್ಜನ ಕಾಲ ಎಲ್ಲಾ ಬಂತು. ಮೂರನೇ ದಿನ ಹೊತ್ತು ಇಳೀತಾ ಬಂತು. ಒಂದೇ ದಿನ ಉಳಿದಿದ್ದು. ಕುಪ್ಪಯ್ಯಾಚಾರಿ ಸೊಂಟದಿಂದ ಬಾಚಿ ತೆಗೆದು ಕಲ್ಲಿನ ಮೇಲೆ ಇಟ್ಟನಂತೆ. ನನ್ನದಾಯ್ತು, ಸೌದೆಗೆ ಹೇಳಿ ಕಳಿಸಿ ಅಂದನಂತೆ. ಅವನ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ. ಎಲ್ಲರೂ ಬಾಯಿ ಮುಚ್ಚಿದ್ರು.

ಆ ಮೌನದಲ್ಲಿ ತುಂಗಿ ಹೇಳಿದಳಂತೆ, ಮಾವ, ಈಗ ಎಳೀಲಿ ಅಂತ.

ಈಗ ಅಂದ್ರೆ ಅಂತ ಕೇಳಿದ ಕೊಗ್ಗ.

ಈಗ ಹೇಗೆ ಎಲ್ಲರೂ ಸುಮ್ಮನಿದ್ದೀರೋ ಹಾಗೆ. ಐಲೇಸಾ ಅಂತ ಪೂರ್ತಿ ಕೂಗಲಿ, ಐಗೂ ಬೇಡ, ಲೇಗೂ ಬೇಡ, ಸಾಗೂ ಬೇಡ. ಕೂಗು ಮುಗಿದು ಏನೂ ಕೇಳಿಸದೆ ಇದ್ದಾಗ ಎಳೀರಿ.

ಕೇಳಿಸದೆ ಇರೋದನ್ನ ಕೇಳಿ ಎಳೆಯೋದು ಹೇಗೆ ಅಂದ್ರು ಹೆಗ್ಡೇರು.

ನನಗೆ ಗೊತ್ತಿಲ್ಲ ಹೆಗ್ಡೇರೇ. ಆದರೆ ಅದು ಇವರದ್ದಲ್ಲ, ಅವರದ್ದಲ್ಲ, ನಿಮ್ಮದೂ ಅಲ್ಲ ಅಂದಳಂತೆ ತುಂಗಿ.

ಬಾಗಿಲು ಹುಡುಕೋಳು ಅಂತ ಈ ಸಲ ಯಾರೂ ಅನ್ನಲಿಲ್ಲವಂತೆ. ಒಬ್ಬೊಬ್ಬರೇ ಹೋಗಿ ಹಗ್ಗ ಹಿಡಿದ್ರು. ಪದ್ದು ಮೂತಿ ಮೇಲೆ ಹತ್ತಿ ಐಲೇಸಾ ಅಂತ ಕೂಗಿ ಗಂಟಲು ಮುಚ್ಚಿದ. ಮೊದಲ ಸಲ ಅರ್ಧ ಜನ ಹಳೇ ಚಾಳಿಗೆ ಮುಂಚೆನೇ ಎಳೆದ್ರು. ಎರಡನೇ ಸಲ ಕೆಲವರು. ಮೂರನೇ ಸಲ ಕೂಗು ನಿಂತಿತು, ಜಿನುಗು ಮಳೆ ಹಗ್ಗಕ್ಕೆ ಬೀಳೋ ಸದ್ದು ಒಂದು ಕೇಳಿಸ್ತು, ಆಮೇಲೆ ಮೂರು ಹಗ್ಗದಿಂದಲೂ ಒಟ್ಟಿಗೆ ನೀರು ಚಿಮ್ಮಿತು. ಹಡಗು ಕಿರ್ ಅಂತ ಒಂದು ಸದ್ದು ಮಾಡಿ ಒಂದು ಮೊಳ ಮೇಲಕ್ಕೆ ಹೋಯ್ತಂತೆ.

ಒಂದು ಮೊಳ. ಅಷ್ಟೆ. ಆದರೆ ಹೋಯ್ತು.

ನಾಲ್ಕನೇ ದಿನ ಹೊತ್ತು ಹುಟ್ಟಿದಾಗಿಂದ ಎಳೆದ್ರು. ಒಂದೊಂದು ಮೊಳಕ್ಕೆ ಒಂದೊಂದು ಕೂಗು, ಒಂದೊಂದು ಮೌನ. ಮಧ್ಯಾಹ್ನಕ್ಕೆ ಹಡಗು ದಿಣ್ಣೆ ನೆತ್ತಿ ಮೇಲಿತ್ತು. ಕಡಲಲ್ಲಿ ಮೀನು ಹಿಡೀತಿದ್ದವರು ಗುಡ್ಡದ ಮೇಲೆ ಹಡಗು ನೋಡಿ, ನೀರು ಅಷ್ಟೆತ್ತರ ಬಂತಾ ಅಂತ ಹೆದರಿ ದಡಕ್ಕೆ ಹುಟ್ಟು ಹಾಕಿದ್ರಂತೆ. ಇಳಿಜಾರಲ್ಲಿ ಇನ್ನೊಂದು ಪಾಡು, ಎಳೆದವರೇ ಹಿಂದಿನಿಂದ ಹಿಡಕೊಳ್ಳಬೇಕಾಯ್ತು, ಇಲ್ಲದಿದ್ರೆ ಬಲೆ ಕೇರಿ ಮೇಲೇ ಹೋಗಿ ಕೂರ್ತಿತ್ತು. ಅದನ್ನೂ ಸುಮ್ಮನೆ ಇದ್ದೇ ಹಿಡಿದ್ರು. ಹುಣ್ಣಿಮೆ ದಿನ ಬೆಳಿಗ್ಗೆ ಹಡಗು ಹೊಸ ಅಳಿವೆ ದಂಡೇಲಿ ನಿಂತಿತ್ತು. ಪಾರುಪತ್ಯಗಾರ ಕೊಡಲಿಯವರ ಜೊತೆ ಮೊದಲೇ ಬಂದು ಕೂತಿದ್ದ. ಮಧ್ಯಾಹ್ನದ ಭರತ ಏರಿತು, ಕುಪ್ಪಯ್ಯಾಚಾರಿ ಕಡಲಿಗೆ ತೆಂಗಿನಕಾಯಿ ಬಿಟ್ಟ, ಪದ್ದು ಕೊನೇ ಸಲ ಕೂಗಿದ, ಎಲ್ಲರೂ ಸುಮ್ಮನಾದ್ರು, ಹಡಗು ನೀರಿಗಿಳೀತು.

ಇಳಿದದ್ದೇ ನೀರು ಒಳಗೆ ಬಂತು.

ಒಂದು ತಿಂಗಳ ಮೇಲೆ ಒಣ ಮರಳಲ್ಲಿ ನಿಂತಿದ್ದಲ್ವಾ, ಮಧ್ಯೆ ಮಧ್ಯೆ ಬಿಸಿಲೂ ಬಿದ್ದಿತ್ತು. ಹೊಟ್ಟೆ ಹಲಗೆ ಒಣಗಿ ಸಂದಿ ಬಿಟ್ಟಿತ್ತು. ನೀರು ನೂರು ಕಡೆಯಿಂದ ಜಿನುಗಿ ಒಳಗೆ ಬಂತು. ಹಡಗು ಒಂದು ಗೇಣು ಇಳೀತು, ಎರಡು ಗೇಣು ಇಳೀತು. ಮುಳುಗೋ ಹಡಗು ನೀರು ಮುಟ್ಟಿದ ಹಾಗಲ್ಲ, ಕೊಡಲಿ ತನ್ನಿ ಅಂತ ಎದ್ದನಂತೆ ಪಾರುಪತ್ಯಗಾರ. ಶಂಭು ಮರದ ಮರಿಗೆ ತಗೊಂಡು ನೀರು ಮೊಗೆಯೋಕೆ ಹಾರಿದ. ಕುಪ್ಪಯ್ಯಾಚಾರಿ ತಾನೂ ಹಡಗು ಹತ್ತಿ ಅವನ ಕೈ ಹಿಡಿದ. ಮೊಗೀಬೇಡ ಅಂದ. ಒಳಗೆ ಮೊಣಕಾಲುದ್ದ ನೀರಲ್ಲಿ ಕೂತ. ಬಾಯಾರಿದೆ, ಕುಡೀಲಿ ಅಂದನಂತೆ.

ಹಡಗು ಮುಳುಗಿದ್ರೆ ಅವನೂ ಮುಳುಗೋ ಹಾಗೆ ಕೂತಿದ್ದ. ಪಾರುಪತ್ಯಗಾರನಿಗೂ ಅದು ಕಂಡಿತು. ಹೊತ್ತು ಮುಳುಗೋ ತನಕ ನೋಡ್ತೀನಿ ಅಂತ ಮತ್ತೆ ಕೂತ. ದಡದಲ್ಲಿ ಮೂರು ಕೇರಿ ನಿಂತಿತ್ತು. ಈ ಸಲ ಎಳೆಯೋಕೂ ಏನೂ ಇರಲಿಲ್ಲ. ಕುಪ್ಪಯ್ಯಾಚಾರಿ ಒಂದು ಸಂದಿ ಮೇಲೆ ಬೆರಳಿಟ್ಟುಕೊಂಡೇ ಇದ್ದನಂತೆ. ಮೊದಲು ಬೆರಳಿಗೆ ತಣ್ಣಗೆ ನೀರು ನೂಕ್ತಿತ್ತು. ಆಮೇಲೆ ಬರೀ ಒದ್ದೆ. ಆಮೇಲೆ ಉಗುರು ತೂರಿಸೋಕೂ ಜಾಗ ಇರಲಿಲ್ಲ. ಮರ ಉಬ್ಬಿಕೊಂಡು ಹಲಗೆಗೆ ಹಲಗೆ ಒತ್ತಿ ಕೂತಿತ್ತು. ಈಗ ಮೊಗೀರಿ ಅಂದ. ಮೂವರು ಮಕ್ಕಳೂ ಮೊಗೆದ್ರು. ಒಂದು ಗೇಣು ಎದ್ದಿತು, ಎರಡು ಗೇಣು ಎದ್ದಿತು. ಹೊತ್ತು ಕೆಂಪಾಗೋ ಹೊತ್ತಿಗೆ ಹಡಗು ಬಾತುಕೋಳಿ ಹಾಗೆ ತೇಲ್ತಿತ್ತಂತೆ.

ಸರಿ ಆಚಾರಿ, ನೀರು ಮುಟ್ಟಿತು ಅಂತ ರಾಣಿಗೆ ಹೇಳ್ತೀನಿ ಅಂದ ಪಾರುಪತ್ಯಗಾರ.

ಮುಟ್ಟಿತು ಅನ್ನಬೇಡಿ, ಕುಡೀತು ಅನ್ನಿ ಅಂದನಂತೆ ಕುಪ್ಪಯ್ಯಾಚಾರಿ.

ಆಮೇಲೆ ದಂಡೇಲೇ ಎಲ್ಲರಿಗೂ ಊಟ. ಗದ್ದೆಯವರ ಅಕ್ಕಿ, ಬಲೆಯವರ ಮೀನು, ಆಚಾರಿ ಕೇರಿಯವರು ಬಡಿಸಿದ್ದು. ಉಣ್ತಾ ಉಣ್ತಾ ಕೊಗ್ಗ ಗುರಿಕಾರ ಕೇಳಿದನಂತೆ, ಆಚಾರ್ರೇ, ಮುಂದಿನ ಹಡಗು ಎಲ್ಲಿ ಕಟ್ತೀರಿ, ಈ ಹೊಸ ಅಳಿವೆ ಹತ್ರವೇ ತಾನೆ ಅಂತ. ಕುಪ್ಪಯ್ಯಾಚಾರಿ, ಬಡಿಸ್ತಾ ಬಂದ ಕಿರೀ ಸೊಸೆ ಮುಖ ನೋಡಿ, ಎಲ್ಲಿ ಕಟ್ಟೋಣ ಮಗಾ ಅಂದನಂತೆ. ಮಾವ ಅವಳನ್ನ ಏನನ್ನಾದ್ರೂ ಕೇಳಿದ್ದು ಅದೇ ಮೊದಲು.

ಅಳಿವೆ ಇವತ್ತು ಇಲ್ಲಿದೆ, ನಾಳೆ ಎಲ್ಲೋ ಮಾವ. ಎಳೆಯೋರು ಇರೋ ಕಡೆ ಕಟ್ಟಿ ಅಂದಳಂತೆ ತುಂಗಿ.

ಅದೆಲ್ಲ ಆಮೇಲೆ, ಹೆಗ್ಡೇರ ಎಲೆ ಖಾಲಿ ಇದೆ, ಮೊದಲು ಸಾರು ಹಾಕು ಅಂದಳಂತೆ ಅತ್ತೆ. ತುಂಗಿ ಸಾರು ಹಾಕಿದಳು. ಆ ವರ್ಷದ ಮೇಲೆ ಕುಪ್ಪಯ್ಯಾಚಾರಿ ಇನ್ನೂ ಹನ್ನೊಂದು ಹಡಗು ಕಟ್ಟಿದನಂತೆ, ಎಲ್ಲಾ ಮೂರು ಕೇರಿ ನಡುವೆ. ಹೊಳೆ ಮಾತ್ರ ಅವುಗಳಲ್ಲಿ ಒಂದರ ಹತ್ರಕ್ಕೂ ತಾನಾಗಿ ಬರಲಿಲ್ಲವಂತೆ.

ಹಡಗು ನೀರು ಸೇರಿತು, ನಾನು ದಡ ಸೇರಿದೆ, ಕತೆ ಅಲ್ಲಿಗೆ ಮುಗೀತು. ಹೂಂ ಅನ್ನೋದು ನಿಂತು ಎಷ್ಟು ಹೊತ್ತಾಯ್ತೋ, ನಾನೇ ನೋಡಲಿಲ್ಲ.